ಮುದ್ರೆ ಒಡೆಯುವ ಮುನ್ನ: ಬೆಳ್ಳಿ ನಾಣ್ಯಗಳ ಒಂದು ಚೀಲ

ಕೆಲವು ತಿಂಗಳ ಹಿಂದೆ ಮೈಸೂರಿನ ಅಗ್ರಹಾರದ ಒಂದು ಹಳೆಯ ಮನೆಗೆ ನನ್ನನ್ನು ಕರೆದಿದ್ದರು. ನಡುಮನೆಯ ಮೇಜಿನ ಮೇಲೆ ದಪ್ಪ ಹತ್ತಿಬಟ್ಟೆಯ ಒಂದು ಚೀಲವಿತ್ತು. ಅದರ ಬಾಯಿಯನ್ನು ಹೊಲಿದು, ಹುರಿಯಿಂದ ಬಿಗಿದು, ಗಂಟಿನ ಮೇಲೆ ಮೂರು ಕಡೆ ಅರಗಿನ ಮುದ್ರೆ ಒತ್ತಲಾಗಿತ್ತು. ಹುರಿಗೆ ಕಟ್ಟಿದ ಚೀಟಿಯಲ್ಲಿ ಕನ್ನಡದಲ್ಲಿ ಹೀಗೆ ಬರೆದಿತ್ತು: ‘ಹಳೇ ಬೆಳ್ಳಿ, ರೂ. 250, ಸನ್ 1952’.

ಚೀಲ ಕಟ್ಟಿದವರು ಆ ಮನೆಯ ಯಜಮಾನರು. ಅವರು ತೀರಿಕೊಂಡು ಬಹಳ ವರ್ಷಗಳಾಗಿವೆ. ಅಂದಿನಿಂದ ಅದನ್ನು ಕಾಪಾಡಿಕೊಂಡು ಬಂದವರು ಅವರ ಮಗಳು. ಈಗ ಅವರಿಗೆ ಎಂಬತ್ತು ದಾಟಿದೆ. ಪಾಲುದಾರರು ಮೂವರು: ಅವರು, ವಿದೇಶದಲ್ಲಿ ನೆಲೆಸಿರುವ ಅವರ ತಮ್ಮ ಮತ್ತು ತೀರಿಕೊಂಡ ಅಣ್ಣನ ಮಗ. ಎಪ್ಪತ್ತು ವರ್ಷಗಳಲ್ಲಿ ಚೀಲದಿಂದ ಒಳ್ಳೆಯ ನಾಣ್ಯಗಳು ಹೋಗಿ ಬೇರೆಯವು ಸೇರಿರಬಹುದೆಂಬ ಮಾತು ಎಲ್ಲಿಂದಲೋ ಹುಟ್ಟಿತ್ತು. ಯಾರೂ ಅದನ್ನು ಆ ತಾಯಿಯ ಎದುರು ಆಡಿರಲಿಲ್ಲ. ಆದರೆ ಮಾತು ಅವರ ಕಿವಿಗೆ ಬಿದ್ದಿತ್ತು.

“ಬಿಚ್ಚಿ ನೋಡಿದರೆ ಮುಗಿಯಿತಲ್ಲ” ಎಂದು ಯಾರಾದರೂ ಹೇಳಬಹುದು. ಆದರೆ ಬಿಚ್ಚಿದ ಮರುಕ್ಷಣವೇ ಮುದ್ರೆ ಎಂಬ ಸಾಕ್ಷ್ಯ ಇಲ್ಲವಾಗುತ್ತದೆ. ಒಳಗಿರುವುದು ಸರಿಯಾಗಿಲ್ಲದಿದ್ದರೆ ಅದು ಯಾವಾಗ ಹಾಗಾಯಿತು ಎಂದು ತಿಳಿಯುವ ದಾರಿಯೂ ಮುಚ್ಚುತ್ತದೆ. ಹಾಗಾದರೆ ಬಿಚ್ಚದೆಯೇ ಎಷ್ಟು ತಿಳಿಯಬಹುದು? ಇದು ಭೌತವಿಜ್ಞಾನದ ಪ್ರಶ್ನೆ.

ಚೀಲದಲ್ಲಿ ಇರುವುದು ಲೋಹ ಮಾತ್ರವಲ್ಲ

ಹೊಸ ಇಸ್ಪೀಟು ಕಟ್ಟೊಂದನ್ನು ಒಮ್ಮೆ ಕಲಸಿದರೆ ಎಲೆಗಳು ಅಷ್ಟೇ ಇರುತ್ತವೆ, ಕ್ರಮ ಮಾತ್ರ ಹೋಗುತ್ತದೆ. ನಾಣ್ಯದ ಚೀಲವೂ ಹಾಗೆಯೇ. ಅದರಲ್ಲಿ ಲೋಹವಿದೆ, ಜೊತೆಗೆ ಜೋಡಣೆಯೂ ಇದೆ. ಚೀಲವನ್ನು ಮೇಜಿನ ಮೇಲೆ ಸುರಿದರೆ ಲೋಹ ಉಳಿಯುತ್ತದೆ, ಜೋಡಣೆ ಮತ್ತೆ ಸಿಗುವುದಿಲ್ಲ.

ಜೋಡಣೆಯ ಬೆಲೆ ಏನೆಂಬುದಕ್ಕೆ ಇಂಗ್ಲೆಂಡಿನ ಫ್ರೋಮ್ ಎಂಬಲ್ಲಿ 2010ರಲ್ಲಿ ಸಿಕ್ಕ ಮಡಕೆ ಒಳ್ಳೆಯ ಉದಾಹರಣೆ. ಅದರಲ್ಲಿ 52,503 ರೋಮನ್ ನಾಣ್ಯಗಳಿದ್ದವು. ಮಡಕೆಯನ್ನು ಒಮ್ಮೆಗೇ ಬರಿದುಮಾಡದೆ ಪದರ ಪದರವಾಗಿ ತೆಗೆದದ್ದರಿಂದ, ಇತ್ತೀಚಿನ ನಾಣ್ಯಗಳು ಮೇಲ್ಭಾಗದಲ್ಲೇ ಇರದೆ ಕೆಳಗೂ ಇದ್ದದ್ದು ಗೊತ್ತಾಯಿತು. ಅಂದರೆ ಅದು ವರ್ಷವರ್ಷವೂ ಸ್ವಲ್ಪ ಸ್ವಲ್ಪ ತುಂಬಿದ ಉಳಿತಾಯದ ಮಡಕೆಯಾಗಿರಲಿಲ್ಲ. ಕರ್ನಾಟಕದಲ್ಲೂ ರೋಮನ್ ಬೆಳ್ಳಿ ನಾಣ್ಯಗಳ ನಿಕ್ಷೇಪಗಳು ಸಿಕ್ಕಿವೆ. 1891ರಲ್ಲಿ ಯಶವಂತಪುರದ ಬಳಿ 163 ನಾಣ್ಯಗಳು, 1965ರಲ್ಲಿ ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದ ಆವರಣದಲ್ಲಿ 256 ನಾಣ್ಯಗಳು ದೊರೆತವು. ಇಂಥ ಯಾವ ನಿಕ್ಷೇಪದಲ್ಲಾದರೂ ನಾಣ್ಯ ಎಷ್ಟು ಮುಖ್ಯವೋ ಅದು ಕುಳಿತಿದ್ದ ಜಾಗವೂ ಅಷ್ಟೇ ಮುಖ್ಯ.

ಮುದ್ರೆ ಬೆಲೆಯನ್ನೂ ಕಾಯುತ್ತದೆ. ನ್ಯೂ ಆರ್ಲಿಯನ್ಸ್ ಟಂಕಸಾಲೆಯಲ್ಲಿ ಅಚ್ಚಾದ 1903ರ ಬೆಳ್ಳಿ ಡಾಲರು ಬಹಳ ಅಪರೂಪವೆಂದು ಅಮೆರಿಕದ ಸಂಗ್ರಾಹಕರು ನಂಬಿದ್ದರು. ಸರ್ಕಾರದ ಭದ್ರಕೋಣೆಗಳಲ್ಲಿ ದಶಕಗಳಿಂದ ಮೊಹರಾಗಿದ್ದ ಚೀಲಗಳು 1962ರ ಕೊನೆಯಲ್ಲಿ ಹೊರಬಂದವು. ಅವುಗಳಲ್ಲಿ ಅದೇ ಡಾಲರುಗಳು ಸಾವಿರಗಟ್ಟಲೆ ಇದ್ದವು. ನಾಣ್ಯ ಬದಲಾಗಲಿಲ್ಲ, ಬೆಲೆ ಕುಸಿಯಿತು.

ಯಾವ ಯಾವ ನಾಣ್ಯಗಳಿರಬಹುದು?

ಅಳೆಯುವ ಮೊದಲು ಸಾಧ್ಯತೆಗಳ ಪಟ್ಟಿ ಮಾಡಬೇಕು. ಮೈಸೂರಿನ ಮನೆಯೊಂದರಲ್ಲಿ ಸಿಗಬಹುದಾದ ಹಳೆಯ ಬೆಳ್ಳಿ ರೂಪಾಯಿಗಳು ಹಲವು ಬಗೆಯವು. ಶ್ರೀರಂಗಪಟ್ಟಣದಲ್ಲಿ ಅಚ್ಚಾದ ಟಿಪ್ಪುವಿನ ರೂಪಾಯಿಗೆ ‘ಇಮಾಮಿ’ ಎಂದು ಹೆಸರು, ತೂಕ 11.4 ಗ್ರಾಂ ಆಸುಪಾಸು. ಎರಡು ರೂಪಾಯಿಯ ನಾಣ್ಯ ‘ಹೈದರಿ’. ಆನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ರೂಪಾಯಿಗಳು ಬಂದವು. 1835ರಿಂದ ಬ್ರಿಟಿಷ್ ಆಡಳಿತದ ಏಕರೂಪದ ರೂಪಾಯಿ ಚಲಾವಣೆಗೆ ಬಂದಿತು. ಅದರ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ತಾಮ್ರ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯ ಕೊರತೆ ಉಂಟಾಯಿತು. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, ಉಳಿದದ್ದು ಶೇ. 40 ತಾಮ್ರ, ಶೇ. 5 ನಿಕ್ಕಲ್, ಶೇ. 5 ಸತು. 1947ರ ರೂಪಾಯಿಯಲ್ಲಿ ಬೆಳ್ಳಿ ಇಲ್ಲವೇ ಇಲ್ಲ, ಅದು ಶುದ್ಧ ನಿಕ್ಕಲ್. ಹಳೆಯ ಬೆಳ್ಳಿಯ ರೂಪಾಯಿಗಳನ್ನು 1941ರಿಂದ 1943ರ ನಡುವೆ ಹಂತಹಂತವಾಗಿ ಚಲಾವಣೆಯಿಂದ ಹಿಂತೆಗೆದುಕೊಳ್ಳಲಾಯಿತು. ಎಷ್ಟೋ ಮನೆಗಳಲ್ಲಿ ಅವುಗಳನ್ನು ಹಿಂದಿರುಗಿಸದೆ ಕಟ್ಟಿಟ್ಟರು. ‘ಹಳೇ ಬೆಳ್ಳಿ’ ಎಂದರೆ 1940ಕ್ಕೆ ಮೊದಲಿನ ಬೆಳ್ಳಿ ಎಂದು ಅರ್ಥಮಾಡಿಕೊಳ್ಳಬೇಕು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಮೂರೂ ಬಗೆಯ ಬ್ರಿಟಿಷ್ ರೂಪಾಯಿಗಳ ತೂಕ ಒಂದೇ. ಆದ್ದರಿಂದ ಬದಲಾವಣೆ ನಡೆದಿದ್ದರೆ ತಕ್ಕಡಿ ಅದನ್ನು ಹಿಡಿಯಲಾರದು.

ಮೊದಲ ಅಳತೆ: ತೂಕ

ಚೀಲದ ಒಟ್ಟು ದ್ರವ್ಯರಾಶಿ 2.938 ಕಿ.ಗ್ರಾಂ. ಬಟ್ಟೆ, ಹುರಿ, ಅರಗು ಸೇರಿ 40 ಗ್ರಾಂ ಇರಬಹುದೆಂದು ಅದೇ ಬಗೆಯ ಬಟ್ಟೆಯನ್ನು ತೂಗಿ ಅಂದಾಜು ಮಾಡಿದೆವು. ಇದರಲ್ಲಿ 8 ಗ್ರಾಂ ಹೆಚ್ಚುಕಡಿಮೆ ಇರಬಹುದು. ಅಲ್ಲಿಗೆ ನಾಣ್ಯಗಳ ಪಾಲು 2.898 ಕಿ.ಗ್ರಾಂ.

ಇದನ್ನು 11.66ರಿಂದ ಭಾಗಿಸಿದರೆ 248.5 ಬರುತ್ತದೆ. ಆದರೆ ಚಲಾವಣೆಯಲ್ಲಿದ್ದ ನಾಣ್ಯ ಸವೆದಿರುತ್ತದೆ. ಸರಾಸರಿ 11.60 ಗ್ರಾಂ ಎಂದಿಟ್ಟುಕೊಂಡರೆ 249.8. ಸವೆತದ ಅಂದಾಜಿನಲ್ಲಿ 0.06 ಗ್ರಾಂ ಅನಿಶ್ಚಿತತೆ ಇದ್ದರೆ ಎಣಿಕೆಯಲ್ಲಿ ಒಂದೂಕಾಲು ನಾಣ್ಯದಷ್ಟು ಅನಿಶ್ಚಿತತೆ ಬರುತ್ತದೆ. ಬಟ್ಟೆಯ ತೂಕದ್ದು ಇನ್ನೂ ಸ್ವಲ್ಪ. ಆದ್ದರಿಂದ ನಾವು ಹೇಳಬಹುದಾದದ್ದು ಇಷ್ಟು: 250, ಎರಡು ಹೆಚ್ಚು ಅಥವಾ ಎರಡು ಕಡಿಮೆ. ಒಳಗಿರುವವು ಇಮಾಮಿಗಳು ಎಂದುಕೊಂಡಿದ್ದರೆ ಇದೇ ತೂಕಕ್ಕೆ 254 ಬರುತ್ತಿತ್ತು. ಹೀಗೆ ಉತ್ತರದಲ್ಲಿ ತಕ್ಕಡಿಯ ಪಾಲೆಷ್ಟೋ ನಮ್ಮ ಊಹೆಯ ಪಾಲೂ ಅಷ್ಟೇ ಇರುತ್ತದೆ.

ಎರಡನೆಯದು: ಅಯಸ್ಕಾಂತ

ನಿಕ್ಕಲ್ ಅಯಸ್ಕಾಂತಕ್ಕೆ ಅಂಟುವ ಲೋಹ. ಬೆಳ್ಳಿ, ತಾಮ್ರ ಅಂಟುವುದಿಲ್ಲ. ಅರ್ಧ ಬೆಳ್ಳಿಯ ನಾಣ್ಯದಲ್ಲಿ ಶೇ. 5 ನಿಕ್ಕಲ್ ಇದ್ದರೂ ಅದು ತಾಮ್ರದಲ್ಲಿ ಕರಗಿ ಮಿಶ್ರಲೋಹವಾಗಿರುವುದರಿಂದ ಅದೂ ಅಂಟುವುದಿಲ್ಲ.

ಚೀಲವನ್ನು ವಿದ್ಯುನ್ಮಾನ ತಕ್ಕಡಿಯ ಮೇಲೆ ಇಟ್ಟು, ಪ್ರಬಲವಾದ ನಿಯೋಡಿಮಿಯಮ್ ಅಯಸ್ಕಾಂತವನ್ನು ಮೇಲಿನಿಂದ ಹತ್ತಿರ ತಂದೆವು. ನಿಕ್ಕಲ್ ಇದ್ದರೆ ಅಯಸ್ಕಾಂತ ಅದನ್ನು ಮೇಲಕ್ಕೆಳೆಯುತ್ತದೆ, ತಕ್ಕಡಿಯ ಅಂಕಿ ಇಳಿಯುತ್ತದೆ. ಚೀಲವನ್ನು ಮಗ್ಗುಲು ಬದಲಿಸಿ ಎಲ್ಲ ಕಡೆಯಿಂದ ಪರೀಕ್ಷಿಸಿದರೂ ಅಂಕಿ ಕದಲಲಿಲ್ಲ. ಅಂದರೆ ಹೊರಮೈಗೆ ಹತ್ತಿರವಿರುವ ನಾಣ್ಯಗಳಲ್ಲಿ ನಿಕ್ಕಲ್ ರೂಪಾಯಿ ಇಲ್ಲ. ಅಯಸ್ಕಾಂತದ ಸೆಳೆತ ದೂರಕ್ಕೆ ಬೇಗ ಕುಗ್ಗುವುದರಿಂದ ನಟ್ಟನಡುವಿನ ನಾಣ್ಯಗಳ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾಗದು.

ಮೂರನೆಯದು: ನೀರಿಲ್ಲದೆ ಆರ್ಕಿಮಿಡೀಸ್

ಹನ್ನೊಂದು ಪಾಲು ಬೆಳ್ಳಿಯ ಮಿಶ್ರಲೋಹದ ಸಾಂದ್ರತೆ ಲೆಕ್ಕಕ್ಕೆ 10.34 ಗ್ರಾಂ/ಘನ ಸೆಂ.ಮೀ. ಅರ್ಧ ಬೆಳ್ಳಿಯದು 9.53, ನಿಕ್ಕಲಿನದು 8.9. ನಮ್ಮ 2.898 ಕಿ.ಗ್ರಾಂ. ನಾಣ್ಯಗಳ ಗಾತ್ರ ಈ ಮೂರು ಸಂದರ್ಭಗಳಲ್ಲಿ ಅನುಕ್ರಮವಾಗಿ 280, 304 ಮತ್ತು 326 ಘನ ಸೆಂ.ಮೀ. ಆಗಬೇಕು. ಗಾತ್ರ ಅಳೆದರೆ ವ್ಯತ್ಯಾಸ ತಿಳಿಯುತ್ತದೆ. ಆದರೆ ಚೀಲವನ್ನು ನೀರಿನಲ್ಲಿ ಮುಳುಗಿಸುವಂತಿಲ್ಲ: ಚೀಟಿ ಹಾಳಾಗುತ್ತದೆ, ನಾಣ್ಯಗಳ ನಡುವೆ ಗಾಳಿಯೂ ಸಿಕ್ಕಿಕೊಳ್ಳುತ್ತದೆ.

ನೀರಿನ ಬದಲು ಅನಿಲವನ್ನು ಬಳಸಬಹುದು. ಅನಿಲ ಬಟ್ಟೆಯನ್ನು ದಾಟಿ ನಾಣ್ಯಗಳ ಸಂದುಸಂದಿಗೂ ಹೋಗುತ್ತದೆ, ಏನನ್ನೂ ನೆನೆಸುವುದಿಲ್ಲ. ತಲಾ 1000 ಘನ ಸೆಂ.ಮೀ. ಗಾತ್ರದ ಎರಡು ಲೋಹದ ಪಾತ್ರೆಗಳನ್ನು ನಡುವೆ ಕವಾಟವಿಟ್ಟು ಜೋಡಿಸಬೇಕು. ಮೊದಲ ಪಾತ್ರೆಯಲ್ಲಿ ಚೀಲವಿಟ್ಟು, ಒಣ ನೈಟ್ರೊಜನ್ನನ್ನು ವಾತಾವರಣದ ಒತ್ತಡಕ್ಕಿಂತ 50 ಕಿಲೋಪ್ಯಾಸ್ಕಲ್ ಹೆಚ್ಚಾಗುವಂತೆ ನಿಧಾನವಾಗಿ ತುಂಬಬೇಕು. ಎರಡನೇ ಪಾತ್ರೆ ವಾತಾವರಣದ ಒತ್ತಡದಲ್ಲೇ ಇರಲಿ. ಕವಾಟ ತೆರೆದಾಗ ಅನಿಲ ಎರಡರಲ್ಲೂ ಹರಡಿ ಒತ್ತಡ ಇಳಿಯುತ್ತದೆ. ಉಷ್ಣತೆ ಮೊದಲಿನ ಮಟ್ಟಕ್ಕೆ ಬಂದ ಮೇಲೆ ಓದಿದರೆ, ಬಾಯ್ಲ್ ನಿಯಮದಂತೆ:

ಚೀಲದ ಗಾತ್ರ = 1000 − 1000 × (ಕೊನೆಯ ಹೆಚ್ಚುವರಿ ಒತ್ತಡ) ÷ (ಮೊದಲಿನ ಹೆಚ್ಚುವರಿ ಒತ್ತಡ − ಕೊನೆಯ ಹೆಚ್ಚುವರಿ ಒತ್ತಡ)

ನಮಗೆ ದೊರೆತ ಕೊನೆಯ ಒತ್ತಡ 20.36 ಕಿಲೋಪ್ಯಾಸ್ಕಲ್. ಅದರಿಂದ ಗಾತ್ರ 313 ಘನ ಸೆಂ.ಮೀ. ಬಟ್ಟೆಯ ನೂಲು, ಹುರಿ, ಅರಗು ಇವುಗಳ ಪಾಲು 30 ಎಂದು ಕಳೆದರೆ ನಾಣ್ಯಗಳಿಗೆ 283 ಉಳಿಯಿತು. ಅನಿಶ್ಚಿತತೆ 7 ಘನ ಸೆಂ.ಮೀ. ಸಾಂದ್ರತೆ 10.24 ಎಂದಾಯಿತು. ಇದು ಹಳೆಯ ಬೆಳ್ಳಿಗೆ ಹೊಂದುತ್ತದೆ. ಎಲ್ಲವೂ ಅರ್ಧ ಬೆಳ್ಳಿ ಎಂಬುದಕ್ಕೆ ಹೊಂದುವುದಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಎಲ್ಲರಿಗೂ ಸಂತೋಷವಾಗುತ್ತಿತ್ತು. ಆದರೆ ಇದು ಸರಾಸರಿ ಮಾತ್ರ. ಮೂರನೇ ಒಂದು ಪಾಲು ನಾಣ್ಯಗಳು ಅರ್ಧ ಬೆಳ್ಳಿಯವಾಗಿದ್ದರೆ ಗಾತ್ರ 288 ಆಗುತ್ತಿತ್ತು. ಅದೂ ನಮ್ಮ ಅನಿಶ್ಚಿತತೆಯ ಒಳಗೇ ಇದೆ. ಆ ಸಾಧ್ಯತೆಯನ್ನು ಈ ಅಳತೆ ತಳ್ಳಿಹಾಕಲಾರದು. ಇದನ್ನು ಮನೆಯವರಿಗೆ ಹಾಗೆಯೇ ಹೇಳಬೇಕಾಯಿತು.

ನಾಲ್ಕನೆಯದು: ಕ್ಷ-ಕಿರಣ

ಚಿನ್ನಬೆಳ್ಳಿ ಅಂಗಡಿಗಳಲ್ಲಿ ಲೋಹದ ಶುದ್ಧತೆ ನೋಡುವ ಯಂತ್ರ ಕೆಲಸ ಮಾಡುವುದು ಕ್ಷ-ಕಿರಣ ಪ್ರತಿದೀಪ್ತಿಯಿಂದ. ಕ್ಷ-ಕಿರಣ ಬಿದ್ದಾಗ ಪ್ರತಿ ಧಾತುವೂ ತನ್ನದೇ ಶಕ್ತಿಯ ಕ್ಷ-ಕಿರಣವನ್ನು ಹೊರಸೂಸುತ್ತದೆ. ಬೆಳ್ಳಿಯದು 22 ಕಿಲೋ ಎಲೆಕ್ಟ್ರಾನ್‌ವೋಲ್ಟ್, ತಾಮ್ರದ್ದು 8. ಬಟ್ಟೆಯ ಮೂಲಕವೇ ನೋಡಿದಾಗ ಬೆಳ್ಳಿ ಸ್ಪಷ್ಟವಾಗಿ ಕಂಡಿತು.

ಆದರೆ ಇದನ್ನೂ ಎಚ್ಚರಿಕೆಯಿಂದ ಓದಬೇಕು. ದಪ್ಪ ಹತ್ತಿಬಟ್ಟೆ ಬೆಳ್ಳಿಯ ಕಿರಣವನ್ನು ಶೇ. 1ರಷ್ಟು ಮಾತ್ರ ತಡೆದರೆ ತಾಮ್ರದ ಕಿರಣವನ್ನು ಶೇ. 17ರ ಹತ್ತಿರ ತಡೆಯುತ್ತದೆ. ಹಾಗಾಗಿ ಯಂತ್ರ ಬೆಳ್ಳಿಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಇದಲ್ಲದೆ ತಾಮ್ರದ ಕಿರಣ ಹೊರಬರುವುದು ಮೇಲಿನ ನಾಲ್ಕೈದು ಮೈಕ್ರೊಮೀಟರಿನಿಂದ ಮಾತ್ರ. ತಾಮ್ರ ಹೆಚ್ಚಿರುವ ಬೆಳ್ಳಿ ನಾಣ್ಯಗಳನ್ನು ಟಂಕಸಾಲೆಯಲ್ಲಿ ಆಮ್ಲದಿಂದ ತೊಳೆದು ಮೇಲ್ಮೈಯ ತಾಮ್ರವನ್ನು ತೆಗೆದು ಬೆಳ್ಳಗೆ ಮಾಡುವ ಪದ್ಧತಿ ಹಳೆಯದು. ಅಂಥ ನಾಣ್ಯದ ಮೇಲ್ಮೈ ಒಳಗಿನ ಸತ್ಯವನ್ನು ಹೇಳುವುದಿಲ್ಲ.

ಎಲುಬಿನ ಚಿತ್ರ ತೆಗೆದಂತೆ ಇಡೀ ಚೀಲದ ಚಿತ್ರ ತೆಗೆಯಬಾರದೆ? ಒಂದು ರೂಪಾಯಿಯ ಸರಾಸರಿ ದಪ್ಪ ಒಂದೂವರೆ ಮಿ.ಮೀ. 100 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಕ್ಷ-ಕಿರಣದಲ್ಲಿ ಹತ್ತನೇ ಒಂದು ಪಾಲು ಮಾತ್ರ ಅದನ್ನು ದಾಟುತ್ತದೆ. ಐದು ನಾಣ್ಯ ಒಂದರ ಮೇಲೊಂದಿದ್ದರೆ ಲಕ್ಷಕ್ಕೆ ಒಂದು ಪಾಲು. ಅಂಚಿನ ನಾಣ್ಯಗಳ ಆಕಾರ ಕಾಣಬಹುದೇ ಹೊರತು ಇಸವಿ ಓದಲು ಸಾಧ್ಯವಿಲ್ಲ. ನ್ಯೂಟ್ರಾನುಗಳು ಇನ್ನೂ ಆಳಕ್ಕೆ ಹೋಗಬಲ್ಲವು. ಆದರೆ ಬೆಳ್ಳಿ ಅವುಗಳನ್ನು ಹೀರಿ ವಿಕಿರಣಶೀಲವಾಗುತ್ತದೆ. ಹಾಗೆ ಹುಟ್ಟುವ ಒಂದು ಐಸೊಟೋಪಿನ ಅರ್ಧಾಯುಷ್ಯ ಸುಮಾರು 250 ದಿನ. ಮನೆಗೆ ಹಿಂದಿರುಗಬೇಕಾದ ಚೀಲಕ್ಕೆ ಅದು ತಕ್ಕ ಪರೀಕ್ಷೆಯಲ್ಲ.

ಅರಗಿನ ಮಾತು

ಮುದ್ರೆಯನ್ನೂ ಪರೀಕ್ಷಿಸಿದೆವು. ಮೈಸೂರಿಗೂ ಅರಗಿಗೂ ನಂಟು ಹಳೆಯದು. ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ಇಲ್ಲಿನ ಬಣ್ಣದ ಕಾರ್ಖಾನೆ 1937ರಲ್ಲಿ ಆರಂಭವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ. ಮೊಹರಿನ ಅರಗನ್ನೂ ಅದು ತಯಾರಿಸುತ್ತದೆ. ಅರಗು ಕುದಿಯುವ ನೀರಿಗಿಂತ ಕಡಿಮೆ ಉಷ್ಣತೆಯಲ್ಲೇ ಮೆದುವಾಗುತ್ತದೆ. ಬಿಸಿ ಅಲಗಿನಿಂದ ಎಬ್ಬಿಸಿ ಮತ್ತೆ ಅಂಟಿಸುವುದು ಅಸಾಧ್ಯವಲ್ಲ. ಆದರೆ ಹಾಗೆ ಮಾಡಿದರೆ ಅಚ್ಚಿನ ಅಂಚು ಮಸುಕಾಗುತ್ತದೆ, ನೂಲಿನ ಸುತ್ತ ಎರಡನೇ ಪದರ ಕಾಣುತ್ತದೆ. ಭೂತಗನ್ನಡಿಯಲ್ಲಿ ಮೂರು ಮುದ್ರೆಗಳ ಮೇಲೂ ಉಂಗುರದ ಅಚ್ಚು ಚೂಪಾಗಿಯೇ ಇತ್ತು. ಕಾಲಕಳೆದಂತೆ ಬಂದ ಬಿರುಕುಗಳು ಅಚ್ಚನ್ನು ಹಾದು ಹೋಗಿದ್ದವು. ಇದು ಪುರಾವೆಯಲ್ಲ, ಒಂದು ಸೂಚನೆ.

ಬಿಚ್ಚಬೇಕೇ?

ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯವರ ಮುಂದೆ ಇಟ್ಟೆ. ತೂಕ ಚೀಟಿಗೆ ಹೊಂದುತ್ತದೆ. ನಿಕ್ಕಲ್ ಕಂಡಿಲ್ಲ. ಸರಾಸರಿ ಲೋಹ ಹಳೆಯ ಬೆಳ್ಳಿಯದು. ಆದರೆ ಒಂದು ಪಾಲು ನಾಣ್ಯಗಳು ಬದಲಾಗಿಲ್ಲ ಎಂದು ಹೊರಗಿನಿಂದ ಹೇಳಲಾಗದು.

ನನ್ನ ಮನಸ್ಸಿನಲ್ಲಿದ್ದದ್ದು ಇನ್ನೂ ಕಾಯೋಣ ಎಂಬ ಸಲಹೆ. ಮುಚ್ಚಿದ್ದನ್ನು ನಾಳೆಯೂ ಬಿಚ್ಚಬಹುದು, ಬಿಚ್ಚಿದ್ದನ್ನು ಮುಚ್ಚಲಾಗದು ಎಂಬುದು ಪ್ರಯೋಗ ಮಾಡುವವರಿಗೆ ರೂಢಿಯಾದ ಎಚ್ಚರ. ಆಗ ಆ ತಾಯಿ ಹೇಳಿದರು: “ನಾನಿರೋವಾಗ್ಲೇ ಬಿಚ್ಚಿಬಿಡಿ ಮೇಷ್ಟ್ರೇ. ನಮ್ಮಪ್ಪ ಉಂಗುರ ಒತ್ತಿದ್ದನ್ನ ನೋಡಿದೋಳು ನಾನೊಬ್ಬಳೇ ಉಳಿದಿರೋದು.”

ನನ್ನ ಲೆಕ್ಕದಲ್ಲಿ ಬಿಟ್ಟುಹೋದದ್ದು ಇದೇ. ಕಾಯುವುದಕ್ಕೂ ಬೆಲೆಯಿದೆ. ಗಾಳಿಯಲ್ಲಿರುವ ಹೈಡ್ರೊಜನ್ ಸಲ್ಫೈಡ್ ಬೆಳ್ಳಿಯನ್ನು ನಿಧಾನವಾಗಿ ಕಪ್ಪು ಬೆಳ್ಳಿ ಸಲ್ಫೈಡ್ ಮಾಡುತ್ತದೆ. ತೇವ ನಾಣ್ಯದ ತಾಮ್ರವನ್ನು ಕೊರೆಯುತ್ತದೆ. ಇವು ನಿಧಾನದ ಕೆಲಸಗಳು. ಆದರೆ ಮುದ್ರೆ ಯಾರದು, ಒಳಗೆ ಹಾಕುವಾಗ ಯಾರಿದ್ದರು ಎಂದು ಹೇಳಬಲ್ಲ ಮನುಷ್ಯರು ಬೆಳ್ಳಿಯಷ್ಟು ಕಾಲ ಉಳಿಯುವುದಿಲ್ಲ. ಸಾಕ್ಷಿ ಹೋದ ಮೇಲೆ ಒಡೆಯದ ಮುದ್ರೆಯೂ ಅರ್ಧ ಮೂಕವಾಗುತ್ತದೆ.

ಬಿಚ್ಚಲು ನಿರ್ಧರಿಸಿದೆವು. ಮೊದಲು ಅವರ ಹೇಳಿಕೆಯನ್ನು ಬರೆದುಕೊಂಡೆವು. ಮುದ್ರೆ ಮುಟ್ಟದೆ ಚೀಲದ ತಳದ ಹೊಲಿಗೆಯನ್ನು ಒಂದೊಂದೇ ನೂಲಾಗಿ ಬಿಡಿಸಿದೆವು. ಪಾಲುದಾರರು ಎದುರಿಗಿದ್ದರು, ವಿದೇಶದಲ್ಲಿದ್ದ ತಮ್ಮ ದೂರವಾಣಿಯ ಪರದೆಯಲ್ಲಿ ನೋಡುತ್ತಿದ್ದರು. ನಾಣ್ಯಗಳನ್ನು ಸುರಿಯದೆ ಪದರ ಪದರವಾಗಿ ತೆಗೆದು, ಚಿತ್ರ ತೆಗೆದು, ಸಂಖ್ಯೆ ಕೊಟ್ಟು ತೂಗಿದೆವು. 1940ರ ನಂತರದ ಅರ್ಧ ಬೆಳ್ಳಿಯ ರೂಪಾಯಿಯ ಅಂಚಿನಲ್ಲಿ ಹಲ್ಲುಗೆರೆಗಳ ನಡುವೆ ಸುತ್ತಲೂ ಒಂದು ಗೀರು ಇರುತ್ತದೆ. ಆದ್ದರಿಂದ ಪ್ರತಿ ನಾಣ್ಯದ ಇಸವಿಯನ್ನೂ ಅಂಚನ್ನೂ ನೋಡಿದೆವು.

ಕೊನೆಯ ಪಟ್ಟಿಯಲ್ಲಿ 251 ನಾಣ್ಯಗಳಿದ್ದವು: 249 ರೂಪಾಯಿಗಳು, ಎರಡು ಅರ್ಧ ರೂಪಾಯಿಗಳು. ಮೊತ್ತ 250 ರೂಪಾಯಿ. ಅರ್ಧ ರೂಪಾಯಿಯ ತೂಕ ಸರಿಯಾಗಿ ರೂಪಾಯಿಯ ಅರ್ಧ. ಹಾಗಾಗಿ ತಕ್ಕಡಿ ನಮಗೆ ಹೇಳಿದ್ದು ನಾಣ್ಯಗಳ ಸಂಖ್ಯೆಯನ್ನಲ್ಲ, ರೂಪಾಯಿಗಳ ಮೊತ್ತವನ್ನು. ಚೀಟಿ ಹೇಳಿದ್ದೂ ಅದನ್ನೇ. ಎಲ್ಲವೂ ವಿಕ್ಟೋರಿಯಾ, ಏಳನೇ ಎಡ್ವರ್ಡ್ ಮತ್ತು ಐದನೇ ಜಾರ್ಜ್ ಕಾಲದವು. 1920ಕ್ಕಿಂತ ಈಚಿನದು ಒಂದೂ ಇರಲಿಲ್ಲ. ಪಟ್ಟಿಗೆ ಮೊದಲು ಸಹಿ ಹಾಕಿದವರು ಅಣ್ಣನ ಮಗ.

ನಿಮ್ಮ ಮನೆಯಲ್ಲೂ ಇದ್ದರೆ

ಇಂಥ ಗಂಟು ಕೈಗೆ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ನಮಗೆ ತಿಳಿಯಬೇಕಾದದ್ದು ನಿಖರವಾಗಿ ಏನು? ಅದನ್ನು ಹೊರಗಿನಿಂದ ತಿಳಿಯಬಹುದೇ? ಬಿಚ್ಚಿದರೆ ಕಳೆದುಹೋಗುವುದನ್ನು ದಾಖಲಿಸಿಕೊಂಡಿದ್ದೇವೆಯೇ? ಕಾಯುವುದರಿಂದ ಏನು ಕಳೆಯುತ್ತದೆ?

ಬಿಚ್ಚಿದರೆ ನಾಣ್ಯಗಳನ್ನು ಹುಣಸೆಹಣ್ಣು, ಬೂದಿ, ಹಲ್ಲುಪುಡಿಗಳಿಂದ ಉಜ್ಜಬೇಡಿ. ಕಪ್ಪಿನೊಂದಿಗೆ ಬೆಳ್ಳಿಯೂ ಅಚ್ಚಿನ ಸೂಕ್ಷ್ಮ ಗೆರೆಗಳೂ ಹೋಗುತ್ತವೆ. ಪಿ.ವಿ.ಸಿ. ಚೀಲ, ರಬ್ಬರು, ಉಣ್ಣೆಬಟ್ಟೆ ಇವುಗಳಿಂದ ದೂರವಿಡಿ. ಚೀಲ, ನೂಲು, ಅರಗು, ಚೀಟಿಗಳನ್ನು ನಾಣ್ಯಗಳ ಜೊತೆಗೇ ಇಡಿ.

ಕಾನೂನನ್ನೂ ಮರೆಯಬಾರದು. ಮನೆಯ ಪೆಟ್ಟಿಗೆಯಲ್ಲಿ ವಂಶಪಾರಂಪರ್ಯವಾಗಿ ಬಂದದ್ದು ಬೇರೆ; ಪಾಯ ಅಗೆಯುವಾಗ ನೆಲದಲ್ಲಿ ಸಿಕ್ಕದ್ದು ಬೇರೆ. ಎರಡನೆಯದು ನಿಕ್ಷೇಪ. ಅದನ್ನು ಬಿಚ್ಚದೆ, ಕದಲಿಸದೆ ಅಧಿಕಾರಿಗಳಿಗೆ ತಿಳಿಸಬೇಕು. ರಾಜ್ಯದ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಇನ್ನು ನೂರು ವರ್ಷ ದಾಟಿದ ನಾಣ್ಯಗಳು 1972ರ ಕಾಯ್ದೆಯ ಪ್ರಕಾರ ಪುರಾವಸ್ತುಗಳು. ಅವುಗಳನ್ನು ಖಾಸಗಿಯಾಗಿ ವಿದೇಶಕ್ಕೆ ಒಯ್ಯುವಂತಿಲ್ಲ. ಆ ಮನೆಯ ತಮ್ಮನ ಪಾಲು ಆದ್ದರಿಂದ ಅಕ್ಕನ ಬಳಿಯೇ ಉಳಿದಿದೆ.

ತರಗತಿಯಲ್ಲಿ ಮಾಡಿ ನೋಡಿ

ಈ ಪ್ರಯೋಗಕ್ಕೆ ಬೆಳ್ಳಿ ಬೇಕಿಲ್ಲ. 1992ರಿಂದ ಬಂದ ಒಂದು ರೂಪಾಯಿಯ ಉಕ್ಕಿನ ನಾಣ್ಯ 4.85 ಗ್ರಾಂ, 2011ರಿಂದ ಬಂದ ಚಿಕ್ಕದು 3.79 ಗ್ರಾಂ. ಶಿಕ್ಷಕರು ಇವೆರಡನ್ನೂ ಬೆರೆಸಿ ಬಟ್ಟೆಯ ಚೀಲದಲ್ಲಿ ಹೊಲಿದು ಕೊಡಲಿ. ನಾಣ್ಯಗಳ ತೂಕ 170 ಗ್ರಾಂ ಹತ್ತಿರ ಬಂದರೆ ಒಳಗೆ 35 ದೊಡ್ಡವಿರಬಹುದು, 45 ಚಿಕ್ಕವೂ ಇರಬಹುದು, ನಡುವಿನ ಬೆರಕೆಯೂ ಇರಬಹುದು. ಲೋಹ ಒಂದೇ ಬಗೆಯ ಉಕ್ಕಾದ್ದರಿಂದ ಸಾಂದ್ರತೆಯೂ ನೆರವಾಗದು. ಬೆರಳಿನಿಂದ ತಡವಿ ವ್ಯಾಸ ತಿಳಿಯಬಹುದೇ? ಅಲುಗಾಡಿಸಿದ ಸದ್ದಿನಿಂದ? ವಿದ್ಯಾರ್ಥಿಗಳು ತಮ್ಮ ಉತ್ತರವನ್ನೂ ಅದರ ಅನಿಶ್ಚಿತತೆಯನ್ನೂ ಬರೆದುಕೊಟ್ಟು ಸಹಿ ಹಾಕಲಿ. ಚೀಲ ಬಿಚ್ಚುವುದು ಅದಾದ ಮೇಲೆ.